ಈಜುಕೊಳದ ದಂಡೆಯ ಬಾಟಲಿಗಳು

"ಬೆಳಿಗ್ಗೆಯೆಲ್ಲಾ ನೀರಲ್ಲೇ ಬಿದ್ದಿರ್ತೀಯ, ಕುಡಿಯೋಕೆ ಮಾತ್ರ ಒಂದು ಗುಟುಕೂ ಬೇಡ!" ಸೆಳೆತ ಬಂದ ಕಾಲಿನ ಮೀನಖಂಡವನ್ನು ಒತ್ತಿಕೊಳ್ಳುತ್ತ ಈಜುಕೊಳದ ದಂಡೆಗೆ ಜೋತುಬಿದ್ದಿದ್ದ ತನ್ನ ಅಣ್ಣನ ಮಗಳ ಮೂಗಿನೆದುರು ಕೋಚ್ ತುಂಬಿದ ಬಾಟಲಿ ಅಲ್ಲಾಡಿಸಿದ. "ಈಜುವಾಗಲೂ ಮೈ ಬೆವರುತ್ತೆ ಅಂತ ಬಡ್ಕೊಂಡು ಬಡ್ಕೊಂಡು ಸಾಕಾಯ್ತು. ಕುಡಿಯೋಕೆ ಏನು ಧಾಡಿ ನಿನಗೆ?"

ಅವಳೂ ಸಿಡಿದಳು. "ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಲ್ಲ ಚಿಕ್ಕಪ್ಪ! ಮೈಗೆ ಅಂಟಿರೋ ಈ ಒದ್ದೆ ಬಟ್ಟೆ ಪೂರ್ತಿ ಬಿಚ್ಚಿ, ಮತ್ತೆ ಎಳೆದಾಡಿ ಹಾಕ್ಕೊಂಡು ಬರೋಷ್ಟರಲ್ಲಿ, ತಡ ಮಾಡ್ದೆ ಅಂತ ಎಲ್ಲರೆದುರು ಉಗಿಯೋರು ಯಾರು?"

"ನೆಪ ಹೇಳ್ಬೇಡ! ಬೇರೆಯವರೆಲ್ಲ ಕುಡಿಯಲ್ವಾ?" ಎಂದು ರೇಗುತ್ತಲೇ ಅವನು ದಂಡೆಯತ್ತ ಕೈ ತೋರಿಸಿದ. ಅಲ್ಲಿ ಹುಡುಗರ ಬಾಟಲಿಗಳು ಖಾಲಿಯಾಗಿ ಉರುಳಾಡುತ್ತಿದ್ದವು. ಹುಡುಗಿಯರವು ಸಾಲಾಗಿ, ಒಂದೂ ಬಿಡದೆ, ಕುತ್ತಿಗೆಯವರೆಗೆ ತುಂಬಿ ನಿಂತಿದ್ದವು.