ಗುರುವಿಗಿಂತ ಮುಂದೆ

ಗುರುಗ್ರಹದ ದಾರಿಯಲ್ಲೇ, ಅದಕ್ಕಿಂತ ಬಹಳ ಮುಂದೆ, ಅದರಷ್ಟೇ ವೇಗದಲ್ಲಿ, ಮುಂಗಲ್ಲು ಎಂಬ ದೊಡ್ಡ ಬಂಡೆ ಸೂರ್ಯನನ್ನು ಸುತ್ತುತ್ತಿತ್ತು. ಅಲ್ಲೇ ಹುಟ್ಟಿ ಬೆಳೆದ ಪಂಪಾವತಿ ಹಸೆಮಣೆಯ ಮೇಲೆ ಬೆಲ್ಟು ಬಿಗಿದುಕೊಂಡು ಕೂತಾಗ, ಆಗಷ್ಟೇ ಭೂಮಿಯಿಂದ ಬಂದಿಳಿದಿದ್ದ ಜೋಯಿಸರು ಪಂಚಾಂಗ ನೋಡಿ ತಲೆಯಾಡಿಸಿದರು.

"ನಿನಗೆ ಗುರುಬಲ ಇಲ್ಲಮ್ಮ. ಗುರು ಬರೋವರೆಗೂ ಕಾಯ್ಬೇಕು."

ಇವತ್ತು ಮದುವೆಯಾಗದಿದ್ದರೆ ಮದುಮಗ ಕೊಟ್ರೇಶನನ್ನು ನಾಳೆಯ ನೌಕೆಯಲ್ಲಿ ಮಂಗಳನ ಗಣಿಗೆ ಅಟ್ಟುತ್ತಿದ್ದರು. ಅಲ್ಲಿಗೆ ಒಂಟಿ ಗಂಡಸರೇ ಬೇಕಂತೆ. ಪಂಪಾವತಿಗೆ ರೇಗಿತು.

"ಕಾಯೋದಾ? ನಮ್ಮಜ್ಜಿ ಕಾಲದಿಂದ ಅವನು ನಮ್ಮ ಹಿಂದೇನೇ ಬರ್ತಿದ್ದಾನೆ ಸ್ವಾಮಿ, ಒಂದು ಹೆಜ್ಜೇನೂ ಹತ್ತಿರ ಬಂದಿಲ್ಲ!" ಎಂದವಳೇ ಅಂತರಪಟವನ್ನು ಸರ್ರನೆ ಸರಿಸಿ, ತೇಲಿಹೋಗದಂತೆ ಅಂಟಂಟಾಗಿ ಅರೆದಿದ್ದ ಜೀರಿಗೆ-ಬೆಲ್ಲವನ್ನು ಕೊಟ್ರೇಶನ ನೆತ್ತಿಗೆ ಮೆತ್ತಿದಳು.

"ಅಯ್ಯೋ, ಗುರು ಇನ್ನೂ ಬಂದಿಲ್ಲವಲ್ಲಮ್ಮ!" ಎಂದು ಜೋಯಿಸರು ಕೂಗಿದರು.

"ಹಿಂದಿಂದ ಬರ್ಲಿ ಬಿಡಿ. ಊಟ ಉಳಿದಿದ್ರೆ ಬಡಿಸೋಣ."