ಬಾಣಂತಿಯ ಪಥ್ಯ

ಕೂಸು ಹೊಟ್ಟೆನೋವಿಗೆ ಕಾಲು ಮಡಚಿ ಅತ್ತಾಗಲೆಲ್ಲ ಬಾಣಂತಿ ವಸುಧಾಳ ತಟ್ಟೆಯಿಂದ ಒಂದೊಂದು ಪದಾರ್ಥ ಮಾಯವಾಗುತ್ತಿತ್ತು. ಮೊದಲು ಆಲೂಗಡ್ಡೆ ಹೋಯಿತು, ಆಮೇಲೆ ಅವರೆಕಾಳು, ಕೊನೆಗೆ ಮೊಸರೂ.

“ನೀನು ಬಾಯಿಚಪಲಕ್ಕೆ ತಿಂತೀಯ, ವಾಯು ಆಗೋದು ಕೂಸಿಗೆ,” ಅನ್ನುತ್ತಿದ್ದರು ಅತ್ತೆ.

“ಅಲ್ಲ ಅತ್ತೆ, ಕೂಸು...”

“ಬಾಣಂತಿ ಜಾಸ್ತಿ ಮಾತಾಡಬಾರದು.”

ಎರಡು ತಿಂಗಳು ಬರೀ ಮೆಣಸಿನ ಸಾರನ್ನ ಉಂಡು ಸೊರಗಿದ ವಸುಧಾ, ಒಂದು ಬೋಂಡಾಕ್ಕಾದರೂ ಅಪ್ಪಣೆ ಸಿಕ್ಕೀತೆಂಬ ಆಸೆಯಿಂದ ಮಕ್ಕಳ ಡಾಕ್ಟರ ಮುಂದೆ ಕುಳಿತಳು.

ಅತ್ತೆ ಪಥ್ಯದ ಪಟ್ಟಿಯನ್ನೆಲ್ಲ ಒಪ್ಪಿಸಿದರು. “ಇಷ್ಟು ಕಟ್ಟುನಿಟ್ಟು ಮಾಡಿದ್ರೂ ವಾಯು ನಿಂತಿಲ್ಲ ನೋಡಿ.”

“ದಿನಕ್ಕೆ ಎಷ್ಟು ಸಲ ಎದೆಹಾಲು ಕುಡಿಯುತ್ತೆ?” ಡಾಕ್ಟರು ಕೇಳಿದರು.

“ಎದೆಹಾಲೆಲ್ಲಿ ಬಂತು ಡಾಕ್ಟ್ರೇ,” ಅಂದರು ಅತ್ತೆ, “ಹುಟ್ಟಿದಾಗಿಂದ ಡಬ್ಬಿ ಹಾಲೇ.”