ಐದು ಸೆಕೆಂಡಿನ ಜಪ

ಶೀತಪೆಟ್ಟಿಗೆಯಿಂದ ಗಾಜಿನ ಜಾಡಿಯನ್ನೆತ್ತಿ ಓಡೀಲ್ ಅಡ್ಡಡ್ಡ ಹಿಡಿದಳು. ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗೆ. ಐದು ಸೆಕೆಂಡಿನೊಳಗೆ ಎಣ್ಣೆ ಕೂದಲೆಳೆಯಷ್ಟು ಅಲುಗಿದರೂ ಪಾಸು, ಅಲುಗದಿದ್ದರೆ ಫೇಲು. ಅವಳ ತುಟಿ ತಾನಾಗಿಯೇ ಆಡಿತು: "ಯೇಸುವೇ, ಮರಿಯಮ್ಮನೇ, ಜೋಸೆಫಪ್ಪನೇ, ನಮ್ಮನ್ನು ಕಾಯಿರಿ." ಕೊನೆಯ ಮಾತು ಮುಗಿಯುವ ಹೊತ್ತಿಗೆ ಎಣ್ಣೆಯ ಅಂಚು ಒಂದಿಷ್ಟು ಜಾರಿತು.

"ಅಲುಗ್ತಲ್ಲಕ್ಕಾ," ಅಂದ ಬಾಗಿಲಲ್ಲಿ ನಿಂತಿದ್ದ ತಮ್ಮ ಕ್ಲೋವಿಸ್. ಅಷ್ಟು ಹೊತ್ತು ಕಂಕುಳಲ್ಲಿ ಅವುಚಿಕೊಂಡಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡ. "ಟ್ಯಾಂಕರ್ ತುಂಬಿಸೋಕೆ ಹೇಳ್ತೀನಿ."

ಲೂಯಿಸಿಯಾನದ ಕಡಲಂಚಿನ ಆ ಎಣ್ಣೆ ಕಾರ್ಖಾನೆಯಲ್ಲಿ ಎಣ್ಣೆ ಬೆರೆಸುವವನು ತಮ್ಮ, ಪರೀಕ್ಷೆ ಮಾಡುವವಳು ಅಕ್ಕ. ಮೂಲ ಎಣ್ಣೆಯಲ್ಲಿ ಅವರು ಮುಖ್ಯವಾಗಿ ಎರಡು ಕುಲ ಕಂಡವರು. ಮೇಣದ ಕುಲದ್ದು ಕಾವಿಗೆ ಜಗ್ಗುವುದಿಲ್ಲ, ಇಂಜಿನ್ನಿಗೆ ಅದೇ ಸೈ. ಆದರೆ ಚಳಿ ಕಂಡರೆ ಹೆಪ್ಪುಗಟ್ಟಿ ಕೂತುಬಿಡುತ್ತದೆ. ನ್ಯಾಫ್ತೀನ್ ಕುಲದ್ದು ಕಾವಿಗೆ ಬೇಗ ತೆಳ್ಳಗಾಗುತ್ತದೆ, ಚಳಿಗೆ ಮಾತ್ರ ಹೆದರದು. ಟ್ರಾನ್ಸ್‌ಫಾರ್ಮರಿಗೆ, ಹಿಮದ ನಾಡಿನ ಯಂತ್ರಗಳಿಗೆ ಅದೇ ಬೇಕು. ಒಂದರ ಹಿಂದೆ ಇನ್ನೊಂದನ್ನು ಅದೇ ಕೊಳವೆಯಲ್ಲಿ ಬಿಡುವ ಮುಂಚೆ ಕೊಳವೆಯನ್ನು ಎಣ್ಣೆಯಿಂದಲೇ ತೊಳೆಯಬೇಕು. ಹೋದ ತಿಂಗಳು ಕ್ಲೋವಿಸ್ ಅದನ್ನು ಮರೆತು ಒಂದು ಟ್ಯಾಂಕು ಟ್ರಾನ್ಸ್‌ಫಾರ್ಮರ್ ಎಣ್ಣೆ ಕೆಡಿಸಿದ್ದ. ಇನ್ನೊಂದು ಸಲ ಆದರೆ ಮನೆಗೆ ಎಂದು ಮ್ಯಾನೇಜರ್ ಕಾಗದವನ್ನೇ ಕೊಟ್ಟಿದ್ದ. ಇವತ್ತಿನದು ಉತ್ತರ ಡಕೋಟಾಕ್ಕೆ ಹೋಗುವ ಎಣ್ಣೆ. ರಸ್ತೆಯ ಹಿಮ ತಳ್ಳುವ ಲಾರಿಗಳ ತೋಳು ಎತ್ತಿ ಇಳಿಸುವುದು ಇದರ ಬಲದಿಂದ.

ಹೊರಟವನು ಬಾಗಿಲ ಬಳಿ ತಿರುಗಿ ನಕ್ಕ. "ಏನೇ ಹೇಳು, ಇವತ್ತು ನಿನ್ನ ಜೋಸೆಫಪ್ಪ ಬರೋದು ಭಾರೀ ತಡ ಆಯ್ತು. ಬಾವ ಪೂಜೆಗೆ ಬಂದ ಹಾಗೆ."

ಜಾಡಿ ಒರೆಸುತ್ತಿದ್ದ ಓಡೀಲಳ ಕೈ ನಿಂತಿತು.

ಗೋಡೆಯ ಮೇಲೆ ಗಡಿಯಾರವಿತ್ತು, ಮೇಜಿನ ಮೇಲೆ ಟೈಮರ್ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅವೆರಡನ್ನೂ ಮುಟ್ಟಿದವಳಲ್ಲ. ತಪಾಸಣೆಯವರು ಒಮ್ಮೆ ಕೈಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದರು; ಅವಳ ಜಪ ಐದು ಸೆಕೆಂಡಿಗಿಂತ ಒಂದು ಗುಂಜಿ ಹೆಚ್ಚಿರಲಿಲ್ಲ, ಕಮ್ಮಿ ಇರಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ. ದೇವರ ಹೆಸರು ಹೇಳುವವಳ ಕೈಯಲ್ಲಿ ಮೋಸವೆಲ್ಲಿಂದ ಬರಬೇಕು ಅಂದುಕೊಂಡರು. ಅವಳೂ ಹಾಗೇ ಅಂದುಕೊಂಡಿದ್ದಳು.

"ಕ್ಲೋವಿಸ್, ನಿಲ್ಲು. ಇದನ್ನ ಮತ್ತೆ ನೋಡ್ಬೇಕು."

"ಅಲುಗಿದ್ದು ಅಲುಗ್ತಲ್ಲ. ನೀನೂ ನೋಡ್ದೆ, ನಾನೂ ನೋಡ್ದೆ."

"ಕೊಳವೆ ತೊಳೆದ್ಯಾ?"

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಸಡಿಲಿಸಿದ, ಬಿಗಿದ. "ಗಾಳಿ ಊದಿಸ್ದೆ."

"ಗಾಳಿ ಊದಿದ್ರೆ ಮೇಣ ಹೋಗುತ್ತೇನೋ? ಸಿಗಡಿ ಹುರಿದ ಬಾಂಡ್ಲೆನ ನಿನ್ನ ಹೆಂಡ್ತಿ ಊದಿ ಇಡ್ತಾಳಾ?"

"ಟ್ಯಾಂಕರ್‌ನೋನು ಬೆಳಗಿಂದ ಕಾಯ್ತಿದ್ದ, ಅಕ್ಕಾ. ತೊಳೆಯೋಕೆ ಅಂತ ನಿಂತಿದ್ರೆ ಮ್ಯಾನೇಜರ್ ಅದಕ್ಕೂ ಬಯ್ತಿದ್ದ." ದನಿ ತಗ್ಗಿಸಿದ. "ಫೇಲಾದ್ರೂ ಬರೀ ಮೂರು ಡಿಗ್ರಿ ಮಾತು. ಅಲ್ಲಿ ಅಷ್ಟು ಚಳಿ ವರ್ಷಕ್ಕೆ ಎಷ್ಟು ದಿನ ಬಿದ್ದೀತು?"

"ಬಿದ್ದ ದಿನಾನೇ ಅಲ್ವೇನೋ ಆ ಲಾರಿ ಹೊರಡೋದು?"

ಓಡೀಲ್ ಹೊಸ ಮಾದರಿ ಸುರಿದುಕೊಂಡಳು. ಎಣ್ಣೆಗೂ ನೆನಪಿರುತ್ತದೆ, ಹಿಂದೆ ಉಂಡ ಚಳಿಯನ್ನು ಮರೆಯಲೆಂದು ಮೊದಲು ಅದನ್ನು ಬೆಚ್ಚಗೆ ಮಾಡಬೇಕು, ಆಮೇಲೆ ಮೆಲ್ಲಗೆ ತಣಿಸಬೇಕು. ಮೂರು ಡಿಗ್ರಿಗೊಮ್ಮೆ ಜಾಡಿಯನ್ನೆತ್ತಿ ಓರೆ ಮಾಡಿ ನೋಡಬೇಕು. ಅದು ಎರಡು ಗಂಟೆಯ ಕೆಲಸ. ಅಷ್ಟು ಹೊತ್ತೂ ಕ್ಲೋವಿಸ್ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಮಾಂಸ ಮುಟ್ಟಬಾರದ ತಪಸ್ಸಿನ ಕಾಲದ ಶುಕ್ರವಾರವೆಂದು ಅವಳು ಕಟ್ಟಿಕೊಂಡು ಬಂದ ಮೀನಿನ ಬ್ರೆಡ್ಡನ್ನು ಅವನ ಮುಂದಿಟ್ಟಳು. ಅವನು ಅರ್ಧ ತಿಂದು ಅರ್ಧ ಅವಳಿಗೆ ಉಳಿಸಿದ. ಹೊರಗೆ ಟ್ಯಾಂಕರಿನವನು ಒಮ್ಮೆ ಹಾರನ್ ಹೊಡೆದು ಸುಮ್ಮನಾದ.

ಸೊನ್ನೆಗಿಂತ ಮೂವತ್ತಮೂರು ಕೆಳಗೆ ಎಣ್ಣೆ ಚೆನ್ನಾಗಿಯೇ ಸರಿಯಿತು. ಮೂವತ್ತಾರಕ್ಕೆ ಬಂದಾಗ ಓಡೀಲ್ ಜಾಡಿಯನ್ನು ಅಡ್ಡ ಹಿಡಿದು, ಟೈಮರಿನ ಗುಂಡಿ ಒತ್ತಿ, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಏನನ್ನೂ ಹೇಳದೆ ಐದು ಸೆಕೆಂಡು ಕಳೆಯುವುದು ಅವಳಿಗೆ ಹೊಸದು. ಟೈಮರ್ ಕೂಗಿತು. ಎಣ್ಣೆ ನಿಂತಲ್ಲೇ ನಿಂತಿತ್ತು. ಅವಳು ಜಾಡಿಯನ್ನು ಕೆಳಗಿಡಲಿಲ್ಲ. ಇನ್ನೆರಡು ಸೆಕೆಂಡು ಹೋಯಿತು. ಅಂಚು ಒಂದಿಷ್ಟು ಜಾರಿತು.

ಮೊದಲ ಸಲ ತಾನು ಜಪವನ್ನು ಎಷ್ಟು ಎಳೆದಿದ್ದೆ ಎಂಬುದಕ್ಕೆ ಈಗ ಲೆಕ್ಕ ಸಿಕ್ಕಿತು. ಅವಳು ಪೆನ್ನು ತೆಗೆದು ಹಾಳೆಯಲ್ಲಿ ಮೂವತ್ತಾರರ ಬದಲು ಮೂವತ್ತಮೂರು ಎಂದು ಬರೆದು, ಅದರ ಕೆಳಗೆ ತನ್ನ ಹೆಸರು ಬರೆದಳು.

ಕ್ಲೋವಿಸ್ ಎದ್ದು ಬಂದು ಹಾಳೆ ನೋಡಿದ. "ಕೊಡಿಲ್ಲಿ. ನಾನೇ ಮ್ಯಾನೇಜರ್ ಹತ್ರ ತಗೊಂಡು ಹೋಗ್ತೀನಿ," ಅಂದ. ಹೆಲ್ಮೆಟ್ಟನ್ನು ಸ್ಟೂಲಿನ ಮೇಲೆ ಬಿಟ್ಟು ಬಾಗಿಲವರೆಗೆ ನಡೆದ, ತಿರುಗಿ ನೋಡದೆ ನಿಂತ.

"ಈಗ ಜಪ ಮಾಡಕ್ಕಾ. ಎಷ್ಟು ಬೇಕಾದ್ರೂ ಎಳಿ."